ರಾಕ್ಷಸರ ಗವಿಯಿಂದ ಮಾಲು ತೆಗೆಯುವ ಉದ್ಯಮ: ಮಲೆನಾಡಿನಲ್ಲಿ ಕಥಾಲೋಕ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಕಥೆಯಲ್ಲೋ ಆಟದಲ್ಲೋ ಒಂದು ಗವಿ ಇರುತ್ತದೆ. ಒಳಗೆ ರಾಕ್ಷಸ ಪ್ರಾಣಿಗಳು. ನಾಲ್ಕು ಜನ ವೀರರು ಹೋಗುತ್ತಾರೆ, ಕೊಲ್ಲುತ್ತಾರೆ, ಹೊಳೆಯುವ ಕಲ್ಲು, ಕೊಂಬು, ಚರ್ಮ ಹೊತ್ತು ಬರುತ್ತಾರೆ. ಊರಿನ ಅಂಗಡಿಯವನು ಕೇಳಿದಷ್ಟು ಕೊಟ್ಟು ಕೊಳ್ಳುತ್ತಾನೆ. ಮುಂದಿನ ವಾರ ಮತ್ತೆ ಅದೇ ಕಥೆ.

ಓದುಗರಿಗೆ ಸಣ್ಣ ಅನುಮಾನ ಬಂದೇ ಬರುತ್ತದೆ. ಆ ಅಂಗಡಿಯವನಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು? ಅವನು ಯಾರಿಗೆ ಮಾರುತ್ತಾನೆ? ಗವಿ ಇರುವ ಜಾಗ ಯಾರದ್ದು? ಹೊತ್ತವರಿಗೆ ಕೂಲಿ ಎಷ್ಟು?

ಇಂಥ ಗವಿಯನ್ನು ಒಂದು ಪೂರ್ಣ ಉದ್ಯಮವಾಗಿ ಕಟ್ಟುವ ದಾರಿ ಇಲ್ಲಿದೆ. ನೆಲ ಹಾಸನ, ಚಿಕ್ಕಮಗಳೂರು. ನಾನು ಈ ಕಡೆಯವನು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ಇಂಥ ಉದ್ಯಮಕ್ಕೆ ಬೇಕಾದ ಎಲ್ಲಾ ತುಂಡುಗಳೂ ಇಲ್ಲಿ ಆಗಲೇ ಬಿದ್ದಿವೆ. ಕಾಫಿ ತೋಟದ ಲೆಕ್ಕ ಇದೆ. ಮುಚ್ಚಿದ ಕಬ್ಬಿಣದ ಗಣಿ ಇದೆ. ತೋಟಕ್ಕೆ ಇಳಿಯುವ ಆನೆ ಇದೆ. ಘಟ್ಟದ ಕೆಳಗೆ ಬಂದರು ಇದೆ. ಹೊಯ್ಸಳರ ಗುಡಿಗಳ ಗೋಡೆ ತುಂಬಾ ವಿಚಿತ್ರ ಪ್ರಾಣಿಗಳಿವೆ. ಬೇರೆ ದೇಶದ ಕೋಟೆ, ಹೆಂಡದಂಗಡಿ, ಡ್ರ್ಯಾಗನ್ ತಂದು ಇಲ್ಲಿ ನೆಡುವ ಅಗತ್ಯವೇ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡಿನ ದಾರಿ ಮೊದಲು ಗೊತ್ತು ಮಾಡಿಕೊಳ್ಳಿ, ರಾಕ್ಷಸ ಆಮೇಲೆ ಬರಲಿ. ಇದನ್ನು ತಿರುಗಾ ಮುರುಗಾ ಮಾಡಿದವರ ಕಥೆ ಮೂರನೇ ಅಧ್ಯಾಯದಲ್ಲೇ ಕುಂಟುವುದನ್ನು ನೋಡಿದ್ದೇನೆ.

ಹಂತ 1: ಒಂದೇ ಮಾಲು ಆರಿಸಿ, ಅದರ ಗಿರಾಕಿಯನ್ನು ಹುಡುಕಿ

ಗವಿಯಲ್ಲಿ ಇಪ್ಪತ್ತು ತರದ ಸಂಪತ್ತು ಇರಬಹುದು. ಉದ್ಯಮ ನಿಲ್ಲುವುದು ಒಂದರ ಮೇಲೆ, ಹೆಚ್ಚೆಂದರೆ ಎರಡರ ಮೇಲೆ. ಉಳಿದದ್ದೆಲ್ಲ ಮೇಲುಸಂಪಾದನೆ.

ಮಾಲು ಆರಿಸುವಾಗ ಗಿರಾಕಿಯ ಹೆಸರು, ಊರು, ಅವನಿಗೆ ಅದು ಯಾಕೆ ಬೇಕು ಅನ್ನೋದನ್ನು ಒಂದು ಸಾಲಿನಲ್ಲಿ ಬರೆಯಿರಿ. ‘ಮಾಂತ್ರಿಕರಿಗೆ ಬೇಕು’ ಅಂದರೆ ಸಾಲದು. ಎಷ್ಟು ಜನ ಮಾಂತ್ರಿಕರು? ವರ್ಷಕ್ಕೆ ಎಷ್ಟು ತೂಕ ಬೇಕು? ಅವರಿಗೆ ದುಡ್ಡು ಕೊಡುವವರು ಯಾರು? ಸೈನ್ಯಕ್ಕೆ ಬೇಕು, ಬಣ್ಣ ಹಾಕುವವರಿಗೆ ಬೇಕು, ಗದ್ದೆಗೆ ಬೇಕು ಅಂದರೆ ಉತ್ತರ ಗಟ್ಟಿ.

ಗಿರಾಕಿ ಒಬ್ಬನೇ ಆದರೆ ಏನಾಗುತ್ತದೆ ಅಂತ ತಿಳಿಯಲು ಕುದುರೆಮುಖವನ್ನು ನೋಡಿ. ಕಳಸದ ಪಕ್ಕದ ಆ ಬೆಟ್ಟದಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಸರ್ಕಾರಿ ಕಂಪನಿ ಶುರುವಾಯಿತು. ನೆಚ್ಚಿಕೊಂಡಿದ್ದ ಗಿರಾಕಿ ಇರಾನ್. ಅದರ ಸಾಲದ ಭರವಸೆಯ ಮೇಲೇ ಯೋಜನೆ ನಿಂತಿತ್ತು. 1979ರಲ್ಲಿ ಅಲ್ಲಿ ಕ್ರಾಂತಿ ಆಯಿತು, ದೊರೆ ಷಾ ಹೋದರು, ಗಿರಾಕಿಯೂ ಹೋಯಿತು. ಇಲ್ಲಿ ಗಣಿ ಇದೆ, ಊರು ಕಟ್ಟಿದೆ, ಜನ ಬಂದಿದ್ದಾರೆ. ಕೊಳ್ಳುವವರನ್ನು ಹೊಸದಾಗಿ ಹುಡುಕಬೇಕಾಯಿತು. ನಿಮ್ಮ ಕಥೆಯಲ್ಲಿ ಸಮುದ್ರದಾಚೆಯ ಒಬ್ಬ ರಾಜನೇ ಎಲ್ಲಾ ಮಾಲು ಕೊಳ್ಳುತ್ತಿದ್ದು, ಆ ರಾಜ ಒಂದು ರಾತ್ರಿ ಸಿಂಹಾಸನ ಕಳೆದುಕೊಂಡರೆ? ಮೂಡಿಗೆರೆಯ ಕೂಲಿಯವನ ಬಟವಾಡೆ ನಿಲ್ಲುತ್ತದೆ. ಕತ್ತಿಯನ್ನೇ ಎತ್ತದ ಒಳ್ಳೆ ಸಂಕಷ್ಟ ಅದು.

ಹಾಗೇ, ಅಗ್ಗದ ಮಾಲನ್ನು ಕಡೆಗಣಿಸಬೇಡಿ. ಬಾವಲಿ ಹಿಕ್ಕೆ ನಿಜ ಪ್ರಪಂಚದಲ್ಲೇ ಬೆಲೆ ಬಾಳುವ ಗೊಬ್ಬರ. ಅದರಿಂದ ಮದ್ದಿನಪುಡಿಗೆ ಬೇಕಾದ ಪೆಟ್ಲುಪ್ಪನ್ನೂ ತೆಗೆದಿದ್ದಾರೆ. ನಿಮ್ಮ ಗವಿಯ ರಾಕ್ಷಸರೂ ಹಿಕ್ಕೆ ಹಾಕಲೇಬೇಕಲ್ವಾ? ಕಾಫಿ, ಮೆಣಸು, ಅಡಿಕೆ ಬೆಳೆಯುವ ಸೀಮೆಯಲ್ಲಿ ಗೊಬ್ಬರಕ್ಕೆ ಗಿರಾಕಿಗೆ ಬರವಿಲ್ಲ. ನನ್ನ ಲೆಕ್ಕದಲ್ಲಿ ಗವಿಯ ಸಾಹುಕಾರ ಮೆರೆಯುವುದು ಮಣಿಯಿಂದ, ಬದುಕುವುದು ಗೊಬ್ಬರದಿಂದ.

ಹಂತ 2: ಇದು ಗಣಿಯೋ, ತೋಟವೋ?

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದು. ಬೇಗ ಮಾಡಿ, ಆಮೇಲೆ ಬದಲಿಸಬೇಡಿ.

ಗಣಿ ಆದರೆ ಮಾಲು ಒಂದು ದಿನ ಮುಗಿಯುತ್ತದೆ. ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿ ಸುತ್ತಿನ ಕ್ರೋಮೈಟ್ ಅದಿರು ಹಾಗೆ. ಕೋಲಾರದ ಚಿನ್ನವೂ ಹಾಗೆಯೇ. ಅಲ್ಲಿ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿಯಿತು. ಆಳಕ್ಕೆ ಹೋದಷ್ಟೂ ಖರ್ಚು ಏರಿತು, ಕಲ್ಲಿನಲ್ಲಿ ಸಿಗುವ ಚಿನ್ನ ಇಳಿಯಿತು. 2001ರಲ್ಲಿ ಬಾಗಿಲು ಹಾಕಿದರು. ಗಣಿಯ ಕಥೆಯ ಹಿಂದೆ ಯಾವಾಗಲೂ ಒಂದು ಗಡಿಯಾರ ಓಡುತ್ತಿರುತ್ತದೆ.

ತೋಟ ಆದರೆ ಮಾಲು ಮತ್ತೆ ಹುಟ್ಟುತ್ತದೆ. ರಾಕ್ಷಸ ಮರಿ ಹಾಕುತ್ತದೆ, ಬೆಳೆಯುತ್ತದೆ, ಕೊಯ್ಲಿಗೆ ಬರುತ್ತದೆ. ಆಗ ಜಾಸ್ತಿ ಕೊಂದವನು ಶೂರನಲ್ಲ, ಮುಂದಿನ ವರ್ಷದ ಫಸಲು ಹಾಳು ಮಾಡಿದವನು. ಮರಿ ಇರುವ ಕೋಣೆಗೆ ಯಾರೂ ಹೋಗುವಂತಿಲ್ಲ ಅಂತ ಕಟ್ಟಳೆ ಬರುತ್ತದೆ. ರೋಗದ ಭಯವೂ ಬರುತ್ತದೆ. ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಬಿದ್ದರೆ ಗಿಡ ಕಿತ್ತು ಸುಡಬೇಕು. ಎಲೆ ತುಕ್ಕು, ಕಾಂಡಕೊರಕದಂಥ ಪೀಡೆಗಳ ಬಗ್ಗೆ ಕೆಲಸ ಮಾಡುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಬೇರು 1925ಕ್ಕೆ ಹೋಗುತ್ತದೆ. ನಿಮ್ಮ ಲೋಕದಲ್ಲೂ ರಾಕ್ಷಸರಿಗೆ ಜ್ವರ ಬಂದಾಗ ಓಡಿ ಬರುವ ಒಬ್ಬ ಪಂಡಿತರಿರಲಿ. ಊರೆಲ್ಲ ಆ ರಾಕ್ಷಸರ ಆರೋಗ್ಯಕ್ಕೆ ಹರಕೆ ಹೊರುತ್ತಿರಲಿ.

ಎರಡರಲ್ಲಿ ಯಾವುದಾದರೂ ಸರಿ, ಒಂದು ಪ್ರಶ್ನೆ ತಪ್ಪಿಸಬೇಡಿ: ಅವು ಏನು ತಿನ್ನುತ್ತವೆ? ಬಿಸಿಲೇ ಬೀಳದ ಗವಿಯಲ್ಲಿ ನೂರು ದೊಡ್ಡ ಬೇಟೆಗಾರ ಪ್ರಾಣಿಗಳು ಬದುಕಲು ಮೇವು ಬೇಕು. ಹೊಳೆ ಹೊತ್ತು ತರುವ ಕಸ, ಬಾವಲಿ, ಮೀನು, ಮಾಂತ್ರಿಕ ಶಿಲೀಂಧ್ರ, ಏನಾದರೂ ಸರಿ. ಮೇವು ಕಮ್ಮಿಯಾದ ದಿನ ಅವು ಹೊರಗೆ ಬರುತ್ತವೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಗದ್ದೆಗೆ ಇಳಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಂತ 3: ಒಳಗೆ ಉಸಿರಾಡುವ ದಾರಿ

ಗವಿಯಲ್ಲಿ ಮೊದಲು ಕೊಲ್ಲುವುದು ರಾಕ್ಷಸ ಅಲ್ಲ. ಗಾಳಿ, ನೀರು, ಮೇಲಿನ ಕಲ್ಲು. ಈ ಮೂರನ್ನು ಸರಿಯಾಗಿ ಬರೆದರೆ ನಿಮ್ಮ ಗವಿಯನ್ನು ಓದುಗರು ನಂಬುತ್ತಾರೆ.

ಗಾಳಿ: ಇಂಗಾಲದ ಡೈಆಕ್ಸೈಡ್ ಭಾರ, ತಗ್ಗಿನಲ್ಲಿ ಕೂರುತ್ತದೆ. ಹಳೇ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡುವುದು ಇದಕ್ಕೇ. ದೀಪ ಆರಿದರೆ ಇಳಿಯಬಾರದು. ಮೀಥೇನ್ ಹಗುರ, ಮೇಲೆ ಸೇರುತ್ತದೆ, ಬೆಂಕಿ ಕಂಡರೆ ಸಿಡಿಯುತ್ತದೆ. ಕಲ್ಲಿದ್ದಲು ಗಣಿಗಳಿಗೆ ಬಲೆ ಸುತ್ತಿದ ಸುರಕ್ಷಾ ದೀಪ ಬಂದದ್ದು 1815ರಲ್ಲಿ. ನಿಮ್ಮ ಮಂತ್ರವಾದಿ ಒಳಗೆ ಹೋಗಿ ಬೆಂಕಿಯ ಉಂಡೆ ಎಸೆಯುತ್ತಾನಾ? ಎಸೆಯಲಿ. ಅವನನ್ನು ಮತ್ತೆ ಯಾವ ಮೇಸ್ತ್ರಿಯೂ ಕೆಲಸಕ್ಕೆ ಕರೆಯುವುದಿಲ್ಲ.

ನೀರು: ಮಲೆನಾಡಿನಲ್ಲಿ ಇದು ದೊಡ್ಡ ತಲೆನೋವು. ಆರಿದ್ರದಿಂದ ಆಶ್ಲೇಷದವರೆಗಿನ ಮಳೆಯಲ್ಲಿ ಘಟ್ಟದಂಚಿನ ಗವಿಗೆ ಇಳಿಯುವ ಮಾತೇ ಇಲ್ಲ. ಅಂದರೆ ಉದ್ಯಮಕ್ಕೆ ಹಂಗಾಮು ಇದೆ. ಮಳೆಗಾಲದಲ್ಲಿ ಗವಿ ಬಂದ್, ಜನ ನಾಟಿಗೆ ಹೋಗುತ್ತಾರೆ. ಗವಿ ತೆರೆಯುವ ಹೊತ್ತಿಗೆ ಕಾಫಿ ಕೊಯ್ಲೂ ಶುರುವಾಗುತ್ತದೆ. ಆಳು ಸಿಗುವುದಿಲ್ಲ. ತೋಟದ ಸಾಹುಕಾರರಿಗೂ ಗವಿಯ ಸಾಹುಕಾರರಿಗೂ ಜಗಳ ಹತ್ತುವುದು ಇಲ್ಲೇ. ಈ ಒಂದು ವಿವರದಿಂದ ಇಡೀ ಕಾದಂಬರಿ ಎಳೆಯಬಹುದು.

ಕಲ್ಲು: ಕೋಲಾರದ ಆಳದ ಗಣಿಗಳಲ್ಲಿ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುತ್ತಿತ್ತು. ಯಾರ ತಪ್ಪೂ ಇಲ್ಲದೆ ಜನ ಸಾಯುತ್ತಿದ್ದರು. ಬಂಡೆ ಕೊರೆದ ದೂಳು ಕುಡಿದು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ರೋಗ ಬಂದವರು ವರ್ಷಗಟ್ಟಲೆ ನರಳಿದರು. ಕಥೆಯಲ್ಲಿ ಗಾಯ ಅಂದರೆ ಉಗುರು ಹಲ್ಲುಗಳದ್ದೇ ಆಗಬೇಕಿಲ್ಲ. ಹತ್ತು ವರ್ಷ ಗವಿಗೆ ಇಳಿದವನು ಮೆಟ್ಟಿಲು ಹತ್ತುವಾಗ ಯಾಕೆ ನಿಂತು ನಿಂತು ಹೋಗುತ್ತಾನೆ ಅಂತ ಬರೆಯಿರಿ.

ಕೊನೆಗೆ, ದಾರಿ ಎರಡಿರಲಿ. ನಮ್ಮ ದೇಶದ ಗಣಿ ನಿಯಮಗಳೂ ನೆಲದಡಿಯ ಗಣಿಗೆ ಹೊರಬರಲು ಎರಡು ದಾರಿ ಕೇಳುತ್ತವೆ. ಎರಡನೇ ದಾರಿ ಕೊರೆಸುವ ಖರ್ಚನ್ನು ಉಳಿಸಿದ ಸಾಹುಕಾರ ನಿಮ್ಮ ಖಳನಾಯಕ ಆಗಬಹುದು. ಅವನಿಗೆ ಕೋರೆಹಲ್ಲು ಬೇಡ.

ಹಂತ 4: ಚೆಕ್‌ರೋಲ್ ಬರೆಯಿರಿ

ಈಗ ಜನ. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ, ಕೂಲಿ ಬರೆಯುವ ಪುಸ್ತಕ. ಗವಿಯ ಕೆಲಸಕ್ಕೆ ಹೋಗುವವರಲ್ಲಿ ಕತ್ತಿ ಹಿಡಿದವರು ಹತ್ತಕ್ಕೆ ಒಬ್ಬರು ಅಂತ ಇಟ್ಟುಕೊಳ್ಳಿ. ಉಳಿದವರು ಹೊರುವವರು, ಸುಲಿಯುವವರು, ದೀಪದವರು, ಮರದ ಆನಿಕೆ ಕೊಡುವವರು, ನೀರು ಎತ್ತುವವರು, ಅಡುಗೆಯವರು, ಲೆಕ್ಕದವರು.

ಈ ಕಡೆಯ ಕಾಫಿ ತೋಟದ ವ್ಯವಸ್ಥೆಯನ್ನು ಹಾಗೇ ಎತ್ತಿ ಇಡಬಹುದು. ಮೇಲೆ ಸಾಹುಕಾರ್ರು. ಅವರ ಕೆಳಗೆ ರೈಟರ್, ಅಂದರೆ ಹಾಜರಿ, ತೂಕ, ಬಟವಾಡೆ ಬರೆಯುವವರು. ಅವರ ಕೆಳಗೆ ಮೇಸ್ತ್ರಿ. ಆಳುಗಳನ್ನು ಊರಿಂದ ಕರೆತರುವುದು, ಕೆಲಸ ಹಂಚುವುದು ಅವನ ಕೆಲಸ. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಮೇಸ್ತ್ರಿಗಳ ಹಿಂದೆ ಕೂಲಿಗೆ ಬಂದವರಿಂದಲೇ ಇಲ್ಲಿಯ ತೋಟಗಳು ಎದ್ದವು. ಮುಂಗಡ ಕೊಟ್ಟು ಕರೆತರುತ್ತಿದ್ದರು. ಮುಂಗಡ ತೀರುವವರೆಗೆ ಬಿಡುಗಡೆ ಕಷ್ಟ. ಇರುವುದು ಲೈನ್ ಮನೆಯಲ್ಲಿ, ಅಂದರೆ ಆಳುಗಳಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ. ಸ್ವತಂತ್ರ ಬಂದ ಮೇಲೆ 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಕುಡಿಯುವ ನೀರು, ಚಿಕಿತ್ಸೆ ಕೊಡಲೇಬೇಕು ಅಂತ ಮಾಡಿತು. ನಿಮ್ಮ ಲೋಕ ಈ ಕಾಯ್ದೆಗಿಂತ ಹಿಂದೆ ಇದೆಯೋ ಮುಂದೆ ಇದೆಯೋ? ಅದನ್ನು ಗೊತ್ತು ಮಾಡಿಕೊಂಡರೆ ಪಾತ್ರಗಳ ಸಿಟ್ಟು ತಾನಾಗಿ ಬರುತ್ತದೆ.

ಪಾಶ್ಚಾತ್ಯ ಕಥೆಗಳ ಗಿಲ್ಡ್ ಬೇಕು ಅನಿಸಿದರೆ ಇಲ್ಲಿಯದೇ ಇದೆ. ಅಯ್ಯಾವೊಳೆ ಐನೂರ್ವರು ಅನ್ನೋ ವರ್ತಕರ ಸಂಘ ದಕ್ಷಿಣದ ಉದ್ದಗಲಕ್ಕೂ ವ್ಯಾಪಾರ ಮಾಡಿತು. ಶಾಸನಗಳಲ್ಲಿ ತಮ್ಮನ್ನು ವೀರರೆಂದೇ ಹೊಗಳಿಕೊಂಡಿತು. ಅವರ ಜೊತೆ ಆಯುಧ ಹಿಡಿದ ಕಾವಲಿನವರೂ ಇದ್ದರು. ಪ್ರಾಣಕ್ಕೆ ಪ್ರಾಣ ಕೊಡುವ ತಂಡ ಬೇಕಾದರೆ ಹೊಯ್ಸಳರ ಗರುಡರನ್ನು ನೋಡಿ. ಒಡೆಯ ಸತ್ತರೆ ತಾವೂ ಸಾಯುತ್ತೇವೆ ಅಂತ ಮಾತು ಕೊಟ್ಟವರು. ಹಳೇಬೀಡಿನಲ್ಲಿ ಎರಡನೇ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬದ ಮೇಲೆ ಅಂಥದೇ ಬಲಿದಾನದ ಶಾಸನ ಇದೆ. ನಾಲ್ಕು ಜನರ ವೀರ ತಂಡವನ್ನು ಈ ನೆಲಕ್ಕೆ ತರಬೇಕಾದರೆ ಇದಕ್ಕಿಂತ ಒಳ್ಳೆ ಬೀಜ ಸಿಗಲಿಕ್ಕಿಲ್ಲ.

ಇನ್ನೊಂದು ಪಾತ್ರವನ್ನು ಜನ ಮರೆಯುತ್ತಾರೆ: ಪಳಗಿಸಿದ ರಾಕ್ಷಸ. ಕಾಡಾನೆ ಹಿಡಿಯಲು ನಾವು ಕಳಿಸುವುದು ಸಾಕಾನೆಯನ್ನೇ. ಅದರ ಜೊತೆ ಮಾವುತ, ಅವನ ಸಹಾಯಕ ಕಾವಾಡಿ. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲೂಕಿನ ಯಸಳೂರು ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ಕಾದಾಡುತ್ತಲೇ ಸತ್ತ. ಜನ ಅತ್ತರು, ಸಿಟ್ಟಾದರು, ಸಮಾಧಿ ಜಾಗದ ಬಗ್ಗೆ ಗಲಾಟೆಯೂ ಆಯಿತು. ಗವಿಯ ಕೆಲಸಕ್ಕೆ ಹೋಗುವ ಸಾಕಿದ ಪ್ರಾಣಿಗೆ ಹೆಸರಿಡಿ. ಅದರ ಮಾವುತನಿಗೆ ಸಂಬಳ ಯಾರು ಕೊಡುತ್ತಾರೆ ಅಂತ ಬರೆದಿಡಿ. ಆ ಸಂಬಳ ತಡವಾಗಲಿ.

ಹಂತ 5: ಕೊಯ್ಲು, ಚರ್ಮ ಸುಲಿಯುವುದು, ಔಟ್‌ಟರ್ನ್

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಕಥೆಯ ರಸ ಇರುವುದೇ ಇಲ್ಲಿ.

ಉದಾಹರಣೆಗೆ ಮಕರವನ್ನು ತೆಗೆದುಕೊಳ್ಳುತ್ತೇನೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಹಂಸದ ಸಾಲಿನ ಕೆಳಗೆ ಮಕರಗಳ ಸಾಲು ಇದೆ. ಗೈಡ್‌ಗಳು ಬೆರಳಿಟ್ಟು ತೋರಿಸುತ್ತಾರೆ: ಮೊಸಳೆ ದವಡೆ, ಆನೆ ಸೊಂಡಿಲು, ಹಂದಿ ಮೈ, ಸಿಂಹದ ಕಾಲು, ನವಿಲಿನ ಬಾಲ. ಮೂಡಿಗೆರೆ ಕಡೆಯ ಒಂದು ಕಲ್ಪನೆಯ ಗವಿಯ ಹೊಂಡಗಳಲ್ಲಿ ಇವು ಜೀವಂತ ಇವೆ ಅಂದುಕೊಳ್ಳೋಣ. ಒಂದು ಮಕರ 300 ಕೆ.ಜಿ. ತೂಗುತ್ತದೆ. ಕೊಂದಾಯಿತು. ಈಗ?

ಪ್ರತಿ ಅಂಗಕ್ಕೂ ಮೂರು ಪ್ರಶ್ನೆ ಕೇಳಿ. ಎಷ್ಟು ಹೊತ್ತು ಕೆಡದೆ ಇರುತ್ತದೆ? ತೆಗೆಯಲು ಎಷ್ಟು ಕೈ ಬೇಕು? ಯಾವ ದಿಕ್ಕಿಗೆ ಹೋಗುತ್ತದೆ?

ಮಾಂಸ ಮರುದಿನಕ್ಕೆ ಕೆಡುತ್ತದೆ. ಹಾಗಾಗಿ ದೂರ ಹೋಗುವುದಿಲ್ಲ. ಲೈನ್ ಮನೆಯ ಒಲೆಗೇ ಸರಿ. ವಾರದ ಸಂತೆಯಲ್ಲಿ ಒಣಗಿಸಿದ ತುಂಡು ಸಿಗಬಹುದು.

ಚರ್ಮ ಬೆಲೆಯದ್ದು, ಆದರೆ ಕೂಡಲೇ ಉಪ್ಪು ಹಚ್ಚದಿದ್ದರೆ ಕೊಳೆಯುತ್ತದೆ. ಹಸಿ ಚರ್ಮಕ್ಕೆ ಅದರ ತೂಕದ ಮೂರನೇ ಒಂದು ಪಾಲಿಂದ ಅರ್ಧದಷ್ಟು ಉಪ್ಪು ಬೇಕು. ಮಲೆನಾಡಿನಲ್ಲಿ ಉಪ್ಪು ಬೆಳೆಯುವುದಿಲ್ಲ, ಕರಾವಳಿಯಿಂದ ಘಟ್ಟ ಹತ್ತಿ ಬರಬೇಕು. ಅಂದರೆ ಮಕರದ ಉದ್ಯಮದ ಜುಟ್ಟು ಉಪ್ಪಿನ ವರ್ತಕನ ಕೈಯಲ್ಲಿ. ಅವನು ಗವಿಯ ಕಡೆ ತಲೆ ಕೂಡ ಹಾಕಿಲ್ಲ, ಆದರೂ ಅವನು ಬೆಲೆ ಏರಿಸಿದ ದಿನ ಗವಿ ನಿಲ್ಲುತ್ತದೆ. ಇನ್ನು ಹದ ಮಾಡಲು ತಂಗಡಿ ತೊಗಟೆ, ಅಳಲೆಕಾಯಿ. ತಂಗಡಿ ಬೆಳೆಯುವುದು ಕಡೂರು, ಅರಸೀಕೆರೆಯ ಒಣ ಬಯಲಿನಲ್ಲಿ. ಹಾಗಾಗಿ ಚರ್ಮದ ಗಾಡಿ ಪೂರ್ವಕ್ಕೆ ಹೋಗುತ್ತದೆ, ಹದಗಾರರ ಕೇರಿ ಅಲ್ಲಿ ಬೆಳೆಯುತ್ತದೆ.

ಬಾಲದ ಗರಿ ಹಗುರ, ಕೆಡುವುದಿಲ್ಲ, ಬೆಲೆ ಜಾಸ್ತಿ. ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಗೊತ್ತಾಗುವುದಿಲ್ಲ. ಆದ್ದರಿಂದ ಗವಿಯ ಬಾಯಲ್ಲಿ ಝಡ್ತಿ. ಕೋಲಾರದಲ್ಲೂ ಗಣಿಯಿಂದ ಬಂದವರನ್ನು ತಪಾಸಣೆ ಮಾಡಿಯೇ ಬಿಡುತ್ತಿದ್ದರು. ದಿನದ ಕೊನೆಗೆ, ಪ್ರಾಣ ಪಣಕ್ಕಿಟ್ಟು ಬಂದವನನ್ನು ಬಟ್ಟೆ ಬಿಚ್ಚಿಸಿ ನೋಡುವ ಅವಮಾನವನ್ನು ಒಂದು ಪುಟದಲ್ಲಿ ಬರೆದರೆ ಹತ್ತು ಕಾಳಗ ಬರೆದಷ್ಟಾಗುತ್ತದೆ.

ಹಲ್ಲು, ಮೂಳೆ ಕುದಿಸಿ, ಉಜ್ಜಿ ತೆಗೆಯಬೇಕು. ಪಿತ್ತಕೋಶ ಔಷಧಕ್ಕೆ. ಒಂದು ತೂತು ಬಿದ್ದರೆ ಪಿತ್ತ ಚೆಲ್ಲಿ ಹೋಯಿತು, ಚರ್ಮವೂ ಹಾಳು. ಒಳ್ಳೆ ಸುಲಿಯುವವಳಿಗೆ ಕತ್ತಿಯವನಿಗಿಂತ ಜಾಸ್ತಿ ಕೂಲಿ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇನ್ನು ಔಟ್‌ಟರ್ನ್. ಕಾಫಿಯವರಿಗೆ ಈ ಮಾತು ಮನೆಮಾತು. ಅರೇಬಿಕಾ ಹಣ್ಣು 5ರಿಂದ 6 ಕೆ.ಜಿ. ಕೊಯ್ದರೆ ಕೊನೆಗೆ ಸಿಗುವ ಹಸಿರು ಬೀಜ ಸುಮಾರು 1 ಕೆ.ಜಿ. ಒಣ ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ, 50 ಕೆ.ಜಿ. ಮೂಟೆಯಿಂದ 26 ಕೆ.ಜಿ. ಬೀಜ ಬಂದರೆ ಅದು 26 ಔಟ್‌ಟರ್ನ್. ಬೆಲೆ ಕಟ್ಟುವುದು ಅದರ ಮೇಲೆ. ಆಮೇಲೆ ಬೀಜ ಬಿಡಿಸಿ ವಿಂಗಡಿಸುವ ಕ್ಯೂರಿಂಗ್‌ನಲ್ಲಿ ಜರಡಿ ಹಿಡಿದು ದಪ್ಪ ಬೀಜ, ಸಣ್ಣ ಬೀಜ, ಪೀಬೆರ್ರಿ (ಹಣ್ಣಿಗೆ ಒಂದೇ ಇರುವ ದುಂಡು ಬೀಜ), ಚೂರು, ಕಪ್ಪು ಅಂತ ಬೇರೆ ಮಾಡುತ್ತಾರೆ. ಮಕರಕ್ಕೂ ಹೀಗೇ ಮಾಡಿ. 300 ಕೆ.ಜಿ.ಯಲ್ಲಿ ಮಾರುವಂಥದ್ದು 24 ಕೆ.ಜಿ. ಅಂತ ಇಟ್ಟುಕೊಳ್ಳಿ. ನೂರಕ್ಕೆ ಎಂಟು. ಉಳಿದದ್ದು ತ್ಯಾಜ್ಯ. ಅದನ್ನು ಎಲ್ಲಿ ಹಾಕುತ್ತೀರಿ? ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಹಳ್ಳಕ್ಕೆ ಬಿಟ್ಟರೆ ಕೆಳಗಿನ ಊರು ನಾರುತ್ತದೆ. ಮಕರದ ಕರುಳು ಬಿಟ್ಟರೆ ಹೇಮಾವತಿಯ ಕೆಳದಂಡೆಯವರು ಸುಮ್ನೆ ಇರುತ್ತಾರಾ?

ತೂಕದ ಕಣದಲ್ಲಿ ನಡೆಯುವ ಮಾತು ಕೇಳಿಸಿಕೊಂಡು ಬರೆಯಿರಿ. ಹೀಗಿರಬಹುದು:

‘ಎಷ್ಟು ಬಂತು ರೈಟ್ರೇ?’

‘ಹದಿನೆಂಟು. ಒದ್ದೆ ಇದೆ, ಎರಡು ಕಳೀತೀನಿ.’

‘ನೀರಲ್ಲೇ ಇರೋ ಪ್ರಾಣಿ ಅದು. ಒಣಗಿರೋದನ್ನ ಎಲ್ಲಿಂದ ತರ್ಲಿ?’

‘ಅದನ್ನ ಸಾಹುಕಾರ್ರನ್ನ ಕೇಳಿ ಮೇಸ್ತ್ರಿ. ನಾನು ಬರೆಯೋನು ಅಷ್ಟೇ.’

ರಾಕ್ಷಸನನ್ನು ಎದುರಿಸಿ ಬಂದವನು ಈ ಎರಡು ಕೆ.ಜಿ.ಯ ಎದುರು ಸೋಲುತ್ತಾನೆ. ಒಂದು ಉದ್ಯಮ ಇದೆ ಅಂತ ಓದುಗರಿಗೆ ಅನಿಸುವುದು ಆಗಲೇ.

ಹಂತ 6: ಸಾಗಾಟ

ಪೂರ್ವಕ್ಕೆ ಹಾಸನ, ಅರಸೀಕೆರೆ. ಪಶ್ಚಿಮಕ್ಕೆ ಚಾರ್ಮಾಡಿ, ಶಿರಾಡಿ ಇಳಿದು ಮಂಗಳೂರು. ಮಳೆಗಾಲದಲ್ಲಿ ಘಾಟಿ ಕುಸಿಯುತ್ತದೆ, ಇವತ್ತೂ ಕುಸಿಯುತ್ತದೆ. ಘಾಟಿಯ ಮೇಲೆ ಯಾರು ಕೂತಿದ್ದಾರೋ ಅವರಿಗೆ ದುಡ್ಡು. 1792ರಲ್ಲಿ ಸಕಲೇಶಪುರದ ಬಳಿ ಟಿಪ್ಪು ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ್ದೂ ಕರಾವಳಿಯ ದಾರಿ ಕಾಯಲು.

ಗಾಡಿಯೇ ಬೇಡ ಅನ್ನುವವರಿಗೆ ಕುದುರೆಮುಖ ಇನ್ನೊಂದು ಪಾಠ ಕೊಡುತ್ತದೆ. ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಬೆಟ್ಟದ ಇಳಿಜಾರೇ ಸಹಾಯಕ್ಕಿತ್ತು. ಮಾಂತ್ರಿಕ ಬಾಗಿಲು ಇಟ್ಟು ಒಂದೇ ಹೆಜ್ಜೆಗೆ ಮಾಲು ಬಂದರಿಗೆ ತಲುಪಿಸುವ ಕಥೆಗಿಂತ ಇದು ನನಗೆ ಇಷ್ಟ. ಕೊಳವೆ ತೂತಾಗಬಹುದು, ಯಾರೋ ಕದಿಯಬಹುದು.

ಹಂತ 7: ಒಡೆತನ, ಸುಂಕ, ಕಳ್ಳದಾರಿ

ಗವಿ ಯಾರದ್ದು? ರಾಜನದ್ದೋ, ದೇವಸ್ಥಾನದ್ದೋ, ಊರಿನದ್ದೋ, ಮೊದಲು ಕಂಡವನದ್ದೋ. ಮೇಲಿನ ನೆಲ ಒಬ್ಬರದ್ದು, ಕೆಳಗಿನ ಗವಿ ಇನ್ನೊಬ್ಬರದ್ದು ಅಂತ ಮಾಡಿದರೆ ವ್ಯಾಜ್ಯ ಮೂರು ತಲೆಮಾರು ನಡೆಯುತ್ತದೆ. ಸುಂಕಕ್ಕೆ ಹೆಸರು ಹುಡುಕುವ ಕಷ್ಟ ಬೇಡ. ಹೊಯ್ಸಳ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಸಿಗುತ್ತವೆ. ನಾಣ್ಯಕ್ಕೆ ಗದ್ಯಾಣ, ಪಣ.

ಸರ್ಕಾರವೇ ಎಲ್ಲಾ ಮಾಲು ಕೊಳ್ಳುವ ವ್ಯವಸ್ಥೆ ಬೇಕಾದರೆ ಕಾಫಿ ಪೂಲ್ ನೋಡಿ. 1942ರ ಕಾಫಿ ಕಾಯ್ದೆಯ ಕೆಳಗೆ ಬೆಳೆಗಾರರು ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ದುಡ್ಡು ಕಂತುಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲ ಮಾಡಿ 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾಡಿದರು. ಬೆಲೆ ಬಿದ್ದಾಗ ಪೂಲ್ ಆಸರೆ, ಏರಿದಾಗ ಸಂಕೋಲೆ. ಹೊರಗೆ ಜಾಸ್ತಿ ಬೆಲೆ ಇದ್ದು ಒಳಗೆ ಕಂತಿಗೆ ಕಾಯಬೇಕು ಅಂದರೆ ರಾತ್ರಿ ದಾರಿಗಳು ಹುಟ್ಟುತ್ತವೆ. ನಿಮ್ಮ ಕಳ್ಳಸಾಗಣೆಗಾರ ದುಷ್ಟನಾಗಬೇಕಿಲ್ಲ, ಮಗಳ ಮದುವೆಗೆ ಕಂತು ಬಾರದ ಬೆಳೆಗಾರನಾಗಿದ್ದರೆ ಸಾಕು.

ಊರಿಗೆ ಏನು ಸಿಗುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿಯವರು ರಾಜಧನದ ಜೊತೆಗೆ ಅದರ ಒಂದು ಪಾಲನ್ನು, ಹಳೇ ಗುತ್ತಿಗೆಯಾದರೆ ನೂರಕ್ಕೆ 30, ಹರಾಜಿನದ್ದಾದರೆ ನೂರಕ್ಕೆ 10, ಗಣಿಬಾಧಿತ ಊರುಗಳಿಗಾಗಿ ಕಟ್ಟಬೇಕು. ಅಂಥ ನಿಧಿ ನಿಮ್ಮ ಲೋಕದಲ್ಲಿದ್ದರೆ ಅದರ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೊದಲೇ ಯೋಚಿಸಿ.

ಹಂತ 8: ಸತ್ತವರ ಲೆಕ್ಕ

ಗವಿಯಲ್ಲಿ ಜನ ಸಾಯುತ್ತಾರೆ. ಮನೆಯವರಿಗೆ ಏನು? ಈ ಪ್ರಶ್ನೆಗೆ ನಮ್ಮ ನೆಲದಲ್ಲಿ ಒಂದೂವರೆ ಸಾವಿರ ವರ್ಷದ ಉತ್ತರ ಇದೆ.

ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಸುಮಾರು ಕ್ರಿ.ಶ. 450ರ ಶಾಸನ ಗೊತ್ತಲ್ಲ. ಅದರಲ್ಲಿ ಇರುವುದೇ ಯುದ್ಧ ಮಾಡಿದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ಮಾನ್ಯವಾಗಿ ಕೊಟ್ಟ ವಿಷಯ. ಕಾದಾಡಿ ಸತ್ತವರ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗೆ ಅಂತ ಹೆಸರು. ಜೊತೆಗೆ ವೀರಗಲ್ಲು. ಹುಲಿಯ ಜೊತೆ, ಹಂದಿಯ ಜೊತೆ ಹೋರಾಡಿ ಸತ್ತವರಿಗೂ ಕಲ್ಲು ನಿಲ್ಲಿಸಿದ್ದಾರೆ. ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ ಸಳ ಹುಲಿ ಕೊಂದ ಅನ್ನುವ ಕಥೆಯಿಂದ ಒಂದು ರಾಜವಂಶವೇ ಹೆಸರು ಪಡೆಯಿತು. ಪ್ರಾಣಿ ಕೊಂದವನಿಗೆ ಮರ್ಯಾದೆ ಇದ್ದ ಸೀಮೆ ಇದು.

ಆದರೆ ಯಾರಿಗೆ ಕಲ್ಲು, ಯಾರಿಗೆ ಇಲ್ಲ? ಕತ್ತಿಯವನು ಸತ್ತರೆ ನೆತ್ತರುಗೊಡಗೆ ಅಂತ ಇಟ್ಟುಕೊಳ್ಳಿ. ದೀಪ ಹಿಡಿದಿದ್ದ ಹುಡುಗಿ ಸತ್ತರೆ? ಹೊಗೆಗೆ ಸಿಕ್ಕಿ ಸತ್ತವನನ್ನು ಕಾದಾಡಿ ಸತ್ತವನು ಅಂತ ಒಪ್ಪುತ್ತಾರಾ? ಹೊರಗೆ ಬಂದು ಆರು ವರ್ಷಕ್ಕೆ ಕೆಮ್ಮಿ ಸತ್ತವನ ಹೆಂಡತಿ ರೈಟರ ಮುಂದೆ ನಿಂತರೆ ಅವರು ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಈ ನಿಯಮಗಳನ್ನು ನೀವೇ ಬರೆಯಿರಿ, ಒಂದು ಪುಟ ಸಾಕು. ಅದರಲ್ಲಿ ಬೇಕಂತಲೇ ಒಂದು ಅನ್ಯಾಯದ ಸಾಲು ಸೇರಿಸಿ. ನಿಮ್ಮ ನಾಯಕಿ ಆ ಸಾಲಿನ ವಿರುದ್ಧ ನಿಲ್ಲಲಿ.

ಹಂತ 9: ಮುಚ್ಚುವ ದಿನ

ಗಣಿ ಅಂತ ಆರಿಸಿಕೊಂಡವರಿಗೆ ಇದು ಕಡ್ಡಾಯ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ಅದಿರಿನ ಹೂಳು ತುಂಬಿ ನಿಂತಿದೆ. ಕೋಲಾರದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬಗಳು ಇನ್ನೂ ಇವೆ, ಗಾಳಿ ಬಂದಾಗ ದೂಳು ಊರಿಗೆ ಬರುತ್ತದೆ. ರಾಕ್ಷಸರು ಮುಗಿದ ಗವಿಯ ಮುಂದೆ ಏನು ಉಳಿಯುತ್ತದೆ? ಉಪ್ಪಾದ ಮಣ್ಣು, ಮೂಳೆಯ ದಿಬ್ಬ, ಲೈನ್ ಮನೆಗಳು, ಬೇರೆ ಕೆಲಸ ಬಾರದ ಜನ, ಮೇವು ಹಾಕುವವರಿಲ್ಲದ ಸಾಕು ರಾಕ್ಷಸ.

ಮುಚ್ಚಿದ ಗವಿಯಿಂದ ಶುರುಮಾಡಿ ಹಿಂದಕ್ಕೆ ಹೋಗುವ ಕಥೆಯೂ ಚೆನ್ನಾಗಿರುತ್ತದೆ. ನನ್ನ ಕೇಳಿದರೆ ಅದೇ ಒಳ್ಳೆಯದು.

ಹಂತ 10: ಒಂದು ವಾರದ ಲೆಕ್ಕ ಬರೆಯಿರಿ

ಕಥೆಯ ಮೊದಲ ಸಾಲು ಬರೆಯುವ ಮುಂಚೆ ಇದನ್ನು ಮಾಡಿ. ನನ್ನ ಕಲ್ಪನೆಯ ಮಕರದ ಗವಿಗೆ ಹಾಕಿದ ಲೆಕ್ಕ ಇದು. ವಾರದ ಮಾರಾಟ 100 ಗದ್ಯಾಣ. ಹೊರುವವರು, ಸುಲಿಯುವವರ ಕೂಲಿ 22. ಉಪ್ಪು 18. ಸಾಕು ಪ್ರಾಣಿಯ ಮೇವು, ಮಾವುತನ ಸಂಬಳ 14. ಹೆಜ್ಜುಂಕ 10. ಮುಂಗಡಕ್ಕೆ ತಂದ ಸಾಲದ ಬಡ್ಡಿ 9. ಮೇಸ್ತ್ರಿಯ ಕಮಿಷನ್ 8. ದೀಪದ ಎಣ್ಣೆ 6. ನೆತ್ತರುಗೊಡಗೆ ನಿಧಿ 5. ಒಟ್ಟು 92. ಸಾಹುಕಾರನಿಗೆ ಉಳಿದದ್ದು 8.

ಈಗ ಒಂದೊಂದೇ ಅಂಕಿ ಅಲುಗಾಡಿಸಿ. ಘಾಟಿ ಕುಸಿದು ಉಪ್ಪು 18ರಿಂದ 30ಕ್ಕೆ ಏರಿತು. ಸಾಹುಕಾರನಿಗೆ 4 ನಷ್ಟ. ಎಲ್ಲಿ ಕಡಿತ ಮಾಡುತ್ತಾನೆ? ಸುಂಕ ಮುಟ್ಟುವಂತಿಲ್ಲ. ಬಡ್ಡಿ ಮುಟ್ಟುವಂತಿಲ್ಲ. ಕೂಲಿ ಕಡಿದರೆ ಆಳುಗಳು ಕಾಫಿ ತೋಟಕ್ಕೆ ಹೋಗುತ್ತಾರೆ. ಉಳಿದದ್ದು ದೀಪದ ಎಣ್ಣೆ, ಮೇವು, ನೆತ್ತರುಗೊಡಗೆ ನಿಧಿ. ಎಣ್ಣೆ ಕಡಿದರೆ ಒಳಗೆ ಕತ್ತಲು. ಮೇವು ಕಡಿದರೆ ಸಾಕು ಪ್ರಾಣಿ ತಿರುಗಿ ಬೀಳುತ್ತದೆ. ನಿಧಿ ಕಡಿದರೆ ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ. ಸಾಹುಕಾರ ಯಾವುದಕ್ಕೆ ಕೈ ಹಾಕಿದ ಅಂತ ಬರೆದು, ಅದನ್ನು ಮೊದಲು ಕಂಡುಹಿಡಿಯುವ ಪಾತ್ರಕ್ಕೆ ಒಂದು ಹೆಸರಿಟ್ಟು, ಅಲ್ಲಿಂದ ಮೊದಲ ಅಧ್ಯಾಯ ಶುರುಮಾಡಿ.